ತೆಂಗಿನಕಾಯಿಯ ಮೂರು ಕಣ್ಣಿನ ಮೊಕದ್ದಮೆ

ಬಾಣಾವರದಿಂದ ಅರಸೀಕೆರೆಗೆ ಬರುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಮ್ಮ ಮೇಷ್ಟ್ರ ಎದುರಿಗೆ ಕೂತವನಿಗೆ ಕಡ್ಲೇಕಾಯಿಯನ್ನು ನೆಮ್ಮದಿಯಾಗಿ ತಿನ್ನುವ ಯೋಗ ಇರಲಿಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ, ಗುರುತಿರಲಿ ಇಲ್ಲದಿರಲಿ, "ಒಂದು ಕೊಡಿ ಇಲ್ಲಿ" ಅಂತ ಕೈ ಚಾಚೋರು. ಬೀಜವನ್ನು ಎರಡು ಹೋಳು ಮಾಡಿ, ತುದಿಯಲ್ಲಿರುವ ಮೂಗಿನಂಥ ಚೂರನ್ನು ಉಗುರಿನಿಂದ ತೋರಿಸಿ, "ಇದೇ ಕಣ್ರೀ ಗಿಡ. ಮಿಕ್ಕಿದ್ದೆಲ್ಲ ಅದರ ಬುತ್ತಿ. ನೀವು ತಿಂತಿರೋದು ಒಂದು ಕೂಸಿನ ಬುತ್ತಿ" ಅನ್ನೋರು. ಹಾಗೆ ಕೇಳಿದ ಮೇಲೆ ಬಾಯಿಗೆ ಹಾಕಿಕೊಳ್ಳುವುದು ಹೇಗೆ? ಎದುರಿನವನು ಮಿಕಮಿಕ ನೋಡುತ್ತಿದ್ದರೆ ಇವರು ಎರಡು ಹೋಳನ್ನೂ ತಮ್ಮ ಬಾಯಿಗೇ ಹಾಕಿಕೊಂಡು, "ಚೆನ್ನಾಗೈತೆ, ಇನ್ನೊಂದು ಕೊಡಿ" ಅನ್ನೋರು.

ಹೋದ ತಿಂಗಳು ಅವರು ತೀರಿಕೊಂಡರು. ಕಾಲೇಜಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು "ಗಂಭೀರ ಸ್ವಭಾವದ ವಿದ್ವಾಂಸರು" ಅಂದರು. ಪಕ್ಕದಲ್ಲಿ ಕೂತಿದ್ದ ಮುದಿ ವಕೀಲರು ನನ್ನ ಮೊಣಕೈ ತಿವಿದು, "ಯಾರ ಬಗ್ಗೆ ಮಾತಾಡ್ತಾವ್ರೆ ಇವರು?" ಅಂತ ಕೇಳಿದರು. ನನಗೂ ಅದೇ ಅನುಮಾನ ಬಂದಿತ್ತು.

ಅರಸೀಕೆರೆಯ ನಮ್ಮ ಜೂನಿಯರ್ ಕಾಲೇಜಿನಲ್ಲಿ ಅವರು ಜೀವಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಅವರ ಬೀರುವಿಗೆ ಅಂಟಿಕೊಂಡಿತ್ತು. ಆ ಬೀರುವಿನಲ್ಲಿ ಏನಿತ್ತು ಅಂತ ಕೇಳಬೇಡಿ. ಹಲ್ಲಿಯ ಮೂಳೆ, ಕೋಳಿಯ ಕಾಲು, ಬಾಟಲಿಯೊಳಗೆ ತೇಲುವ ಏನೇನೋ. ಒಮ್ಮೆ ನಾನು ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವ ಹೊತ್ತಿಗೇ ಅವರು ಬೀರುವಿನ ಬಾಗಿಲು ತೆಗೆದರು. ಅವತ್ತು ನನಗೆ ಉಪವಾಸ.

ಅವರದ್ದೊಂದು ಮಾತಿತ್ತು. ಯಾರು ಏನೇ ಹೇಳಲಿ, ಕನ್ನಡಕದ ಮೇಲಿನಿಂದ ನೋಡಿ, "ನೋಡಿ ಹೇಳ್ತೀರೋ, ಕೇಳಿ ಹೇಳ್ತೀರೋ?" ಅನ್ನೋರು. ಪ್ರಿನ್ಸಿಪಾಲರು ಬಂದು ನಾಳೆ ರಜೆ ಅಂದರೂ ಇದೇ ಪ್ರಶ್ನೆ. ನಮ್ಮ ಅಜ್ಜಿಯೂ ಹಾಗೇ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತ ಗಾದೆ ಹೇಳೋಳು, ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡೋಳು. ಅದಕ್ಕೇ ಇರಬೇಕು, ಅವರ ಆ ಮಾತು ಬೇರೆಯವರಿಗೆ ಕಿರಿಕಿರಿಯಾದರೂ ನನಗೆ ಮನೆಯವರ ಮಾತಿನ ಹಾಗೆ ಕೇಳಿಸುತ್ತಿತ್ತು.

ವರ್ಷಕ್ಕೊಮ್ಮೆ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದೆವು. ಶಿಲ್ಪದ ವಿಷಯ ನನ್ನ ಪಾಲಿನದು. ನಾನು ಶಿಲಾಬಾಲಿಕೆಯರ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವರು ಅರ್ಧ ಮಕ್ಕಳನ್ನು ಕದ್ದುಕೊಂಡು ಗೋಡೆಯ ಕೆಳಗಿನ ಸಾಲಿಗೆ ಹೋಗಿಬಿಡೋರು. ಹಳೇಬೀಡಿನಲ್ಲಿ ಅವರಿಗೆ ಪ್ರಿಯವಾದದ್ದು ಮಕರಗಳ ಸಾಲು. "ಬಾಯಿ ಯಾರ್ದು?" "ಮೊಸಳೇದು ಸಾರ್." "ಸೊಂಡಿಲು?" "ಆನೇದು." "ಕಾಲು?" "ಸಿಂಹದ್ದು." "ಬಾಲ?" "ನವಿಲಿಂದು." "ಶಾಭಾಷ್. ಈಗ ಎಲ್ಲಾರೂ ಕೆರೆ ಕಡೆ ಹೋಗಿ ಇಂಥದ್ದೊಂದು ಹಿಡ್ಕೊಂಡ್ ಬನ್ನಿ." ಮಕ್ಕಳು ನಗುತ್ತಿದ್ದರು. ಅವರು ಮಾತ್ರ ನಗದೆ, ಯಾಕೆ ಸಿಗಲ್ಲ ಯೋಚನೆ ಮಾಡಿ ಅಂತ ಹೇಳಿ ಮುಂದೆ ಹೋಗೋರು.

ವಾಪಸು ಬರುವಾಗ ಹುಲಿಕೆರೆಯ ಕಲ್ಯಾಣಿಯ ಹತ್ತಿರ ಬಸ್ಸು ನಿಲ್ಲಿಸಲೇಬೇಕು. ಮೆಟ್ಟಿಲ ಪಕ್ಕದ ಗೂಡುಗುಡಿಗಳಲ್ಲಿ ಬಾವಲಿ ಇರುತ್ತಿದ್ದವು. ಒಂದು ಸಲ ಒಣಗಿ ಬಿದ್ದಿದ್ದ ಬಾವಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ರೆಕ್ಕೆಯ ಮೂಳೆ ನಮ್ಮ ಕೈ ಮೂಳೆಯ ಹಾಗೇ ಐದು ಬೆರಳಾಗಿ ಇರುತ್ತದೆ, ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ಆಮೇಲೆ ಮರೆತರು. ಮಾರನೆಯ ದಿನ ಬಟ್ಟೆ ಒಗೆಯಲು ಕೂತ ಅವರ ಹೆಂಡತಿ ಹಾಕಿದ ಕೂಗು ಬಾಣಾವರದ ಸ್ಟೇಷನ್ನಿಗೆ ಕೇಳಿಸಿತಂತೆ. "ಇವರ ಜೇಬಿಗೆ ಕೈ ಹಾಕೋಕೆ ಹಾವಾಡಿಗರನ್ನ ಕರೀಬೇಕು" ಅಂತ ಆಯಮ್ಮ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರು.

ಇಂಥವರ ಕೆಲಸಕ್ಕೆ ಕುತ್ತು ಬಂದದ್ದು ಡಾರ್ವಿನ್ನನ ಪಾಠದಿಂದ.

ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಯಜಮಾನರು. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಕಾಲೇಜಿಗೆ ಜಾಗ ಕೊಟ್ಟದ್ದು ಅವರ ತಾತ. ಆ ತಾತನ ಫೋಟೊ ನಮ್ಮ ಹಾಲ್‌ನ ಗೋಡೆಯ ಮೇಲೆ ರುಮಾಲು ಸುತ್ತಿಕೊಂಡು ಎಲ್ಲರನ್ನೂ ನೋಡುತ್ತಿತ್ತು. ಅಧ್ಯಕ್ಷರ ಮೊಮ್ಮಗಳು ನಮ್ಮಲ್ಲೇ ಓದುತ್ತಿದ್ದಳು. ಮೇಷ್ಟ್ರು ಹಿಂದಿನ ವಾರವಷ್ಟೇ ಮುಂದಿನ ಅಧ್ಯಾಯ ವಿಕಾಸವಾದ ಅಂತ ಎರಡು ಮಾತು ಹೇಳಿದ್ದರು. ಹುಡುಗಿ ಮನೆಗೆ ಹೋಗಿ, "ತಾತ, ಫೋಟೊದಲ್ಲಿರೋ ಅಜ್ಜನ ಅಜ್ಜನ ಅಜ್ಜ ಕೋತಿಯಂತೆ" ಅಂದುಬಿಟ್ಟಿದ್ದಳು.

ಅಧ್ಯಕ್ಷರು ಸ್ಟಾಫ್ ರೂಮಿಗೆ ತಾವೇ ಬಂದರು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಮೇಷ್ಟ್ರೇ, ನಿಮ್ಮ ಮೇಲೆ ನಂಗೆ ಗೌರವ ಐತೆ. ನಮ್ಮ ತಾತ ನೀರು ಕುಡಿಯೋಕ್ ಮುಂಚೆ ಲೋಟಕ್ಕೆ ಕೈ ಮುಗೀತಿದ್ದೋರು. ಅವರನ್ನ ಕೋತಿ ಅಂದ್ರೆ ಹೆಂಗೆ?"

"ನಾನು ಹಂಗೆ ಅಂದಿಲ್ಲ ಯಜಮಾನ್ರೇ."

"ಅಂದಿರೋ ಬಿಟ್ಟಿರೋ, ಹುಡುಗಿ ಹಂಗೆ ತಿಳ್ಕೊಂಡವಳೆ. ಆ ಪಾಠ ಬಿಟ್ಟು ಮುಂದಕ್ಕೋಗಿ. ಇಲ್ಲಾಂದ್ರೆ ದೇವರು ಮಾಡ್ದ ಅನ್ನೋದನ್ನೂ ಅಷ್ಟೇ ಹೊತ್ತು ಹೇಳಿ. ಅಮೆರಿಕದಲ್ಲೇ ಹಂಗೆ ಕೇಳ್ತಾವ್ರಂತೆ."

ಅಮೆರಿಕದ ಸುದ್ದಿ ಅಧ್ಯಕ್ಷರ ಕಿವಿಗೆ ಹಾಕಿದವರು ಸಂತಾಪ ಸಭೆಯಲ್ಲಿ ನನ್ನ ಮೊಣಕೈ ತಿವಿದ ಆ ವಕೀಲರೇ. ಮೇಷ್ಟ್ರಿಗೂ ವಕೀಲರಿಗೂ ಬಾಲ್ಯದಿಂದ ಏನ್ಲಾ ಬಾರ್ಲಾ ಸ್ನೇಹ. ದಿನಾ ಬೆಳಿಗ್ಗೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಮಾಡಿಕೊಂಡು ಜಗಳ ಆಡದಿದ್ದರೆ ಇಬ್ಬರಿಗೂ ಹೊತ್ತು ಹುಟ್ಟುತ್ತಿರಲಿಲ್ಲ. ಅಮೆರಿಕದ ಯಾವುದೋ ಊರಿನ ಶಾಲೆಯಲ್ಲಿ ವಿಕಾಸವಾದದ ಜೊತೆಗೆ, ಜೀವಿಗಳನ್ನು ಬುದ್ಧಿಯಿರುವ ಒಬ್ಬ ಯಾರೋ ಯೋಜನೆ ಹಾಕಿ ಮಾಡಿದ್ದಾನೆ ಅನ್ನುವುದನ್ನೂ ವಿಜ್ಞಾನ ಅಂತಲೇ ಮಕ್ಕಳ ಕಿವಿಗೆ ಹಾಕಹೊರಟಿದ್ದರು. ತಂದೆತಾಯಿಗಳು ಕೋರ್ಟಿಗೆ ಹೋಗಿದ್ದರು. ಆ ವಿಚಾರಣೆ ಆಗ ಪೇಪರಿನಲ್ಲಿ ಬರುತ್ತಿತ್ತು. ವಕೀಲರು ತಮಾಷೆಗೆ ಅಧ್ಯಕ್ಷರಿಗೆ ಹೇಳಿದ್ದರು. ಅಧ್ಯಕ್ಷರು ತಮಾಷೆಯ ಮನುಷ್ಯರಲ್ಲ.

ಮೇಷ್ಟ್ರು ಹೇಳಿದರು: "ದೇವರ ವಿಷಯ ಹೇಳೋಕೆ ನಾನು ಓದಿಲ್ಲ. ಈ ಪಾಠ ಬಿಟ್ಟರೆ ಮಿಕ್ಕ ಪಾಠ ಹೇಳೋಕೆ ನಂಗೆ ಬಾಯಿ ಬರಲ್ಲ, ಅದೆಲ್ಲ ಇದರ ಮೇಲೇ ನಿಂತೈತೆ. ಅಲ್ಲಿನಂಗೆ ಇಲ್ಲೂ ಕೋರ್ಟು ಹಾಕೋಣ ಯಜಮಾನ್ರೇ. ಸೋತ್ರೆ ಪಾಠಾನೂ ಬಿಡ್ತೀನಿ, ಕೆಲಸಾನೂ ಬಿಡ್ತೀನಿ."

"ಗೆದ್ರೆ?"

"ಗೆದ್ರೆ ಸೋಮವಾರ ಪಾಠ."

ಅಧ್ಯಕ್ಷರು ಹೂಂ ಅಂದರು. ಸುದ್ದಿ ಬಾಣಾವರಕ್ಕೆ ಮೇಷ್ಟ್ರಿಗಿಂತ ಮುಂಚೆ ತಲುಪಿತು. ಆಯಮ್ಮ ಬಾಗಿಲಲ್ಲೇ ನಿಂತಿದ್ದರಂತೆ. "ಹೆಂಡಕ್ಕೆ ಕೆಲಸ ಕಳ್ಕೊಂಡೋರನ್ನ ಕೇಳಿದ್ದೆ, ಇಸ್ಪೀಟಿಗೆ ಕಳ್ಕೊಂಡೋರನ್ನ ಕೇಳಿದ್ದೆ. ಕೋತಿಗೋಸ್ಕರ ಕಳ್ಕೊಳ್ಳೋರನ್ನ ಇವತ್ತು ನೋಡ್ದಂಗಾಯ್ತು. ಒಳಗೆ ಬನ್ನಿ, ಅನ್ನ ಆರೋಗ್ತದೆ."

ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ಕೋರ್ಟು ಸೇರಿತು. ಊರಿನಲ್ಲೇ ನೆಲೆಸಿದ್ದ ನಿವೃತ್ತ ಮುನ್ಸೀಫರು ನ್ಯಾಯಾಧೀಶರು. ಅಣಕು ನ್ಯಾಯಾಲಯ ಅಂತ ಬೋರ್ಡಿನಲ್ಲಿ ಬರೆದಿದ್ದ "ಅಣಕು" ಅನ್ನುವುದನ್ನು ಅವರು ಬಂದ ಕೂಡಲೇ ಅಳಿಸಿ ಹಾಕಿಸಿದರು. ಅಧ್ಯಕ್ಷರ ಕಡೆಗೆ ನಮ್ಮ ವಕೀಲರು, ಪಾಠದ ಕಡೆಗೆ ಮೇಷ್ಟ್ರು ತಾವೇ. ಪಕ್ಷಗಾರರ ಹೆಸರು ಕೂಗಿ ಕರೆಯುವ ಕೆಲಸ ನನ್ನದು. ಒಂದು ಸಲ ಕೂಗಿ ಸುಮ್ಮನಾದರೆ ಮುನ್ಸೀಫರು ಬಿಡಲಿಲ್ಲ, ಮೂರು ಸಲ ಕೂಗಿಸಿದರು. ಪಕ್ಷಗಾರರಿಬ್ಬರೂ ನನ್ನ ಮುಂದೆಯೇ ನಿಂತಿದ್ದರು.

ವಕೀಲರು ಎದ್ದರು. ಅವರ ಗಂಟಲಿಗೆ ಮೈಕು ದಂಡ.

"ಸ್ವಾಮಿ, ಬೇಲೂರಿಗೆ ಹೋಗದೋರು ಇಲ್ಲಿ ಯಾರಿದ್ದಾರೆ? ಆ ಶಿಲಾಬಾಲಿಕೆ ಗಾಳಿ ಮಳೆಗೆ ತಾನೇ ಆಯಿತು ಅಂದರೆ ಹಸುಗೂಸೂ ನಗುತ್ತದೆ. ಕಲ್ಲಿನ ಕಣ್ಣಿಗೇ ಒಬ್ಬ ಶಿಲ್ಪಿ ಬೇಕು ಅಂದ ಮೇಲೆ, ನೋಡುವ ಕಣ್ಣಿಗೆ ಬೇಡವೇ? ಅಲ್ಲಿನ ಶಿಲ್ಪಿ ಕೆಳಗೆ ತನ್ನ ಹೆಸರನ್ನೂ ಕೆತ್ತಿದ್ದಾನೆ. ಆ ದೊಡ್ಡ ಶಿಲ್ಪಿಯೂ ಸಹಿ ಹಾಕಿದ್ದಾನೆ. ನಮ್ಮೂರಿನ ಕಾಯಿಯ ಮೇಲೇ ಹಾಕಿದ್ದಾನೆ."

ಅಂದವರೇ ಸುಲಿದ ತೆಂಗಿನಕಾಯಿಯನ್ನು ಎತ್ತಿ ಮೂರು ಕಣ್ಣು ಸಭೆಯ ಕಡೆ ತಿರುಗಿಸಿ ಹಿಡಿದರು. "ಮುಕ್ಕಣ್ಣನ ಗುರುತು."

ತೆಂಗು ತಿಂದು, ತೆಂಗು ಮಾರಿ, ತೆಂಗಿನ ಗರಿಯ ನೆರಳಲ್ಲೇ ಮದುವೆಯಾಗುವ ಊರು ನಮ್ಮದು. ಹಾಲ್ ಎದ್ದು ನಿಂತಿತು. ಮುನ್ಸೀಫರು ಮೇಜು ಕುಟ್ಟಿ, "ಇದು ಬಯಲಾಟ ಅಲ್ಲ, ಕೂತ್ಕೊಳ್ಳಿ" ಅಂದರು. ಗದ್ದಲ ಅಡಗಿದ ಮೇಲೆ ವಕೀಲರು ಸ್ನೇಹಿತನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹಳೇ ಜೀವಿ ಬದಲಾಗಿ ಮನುಷ್ಯ ಆಯ್ತು ಅಂತೀರಲ್ಲ ಮೇಷ್ಟ್ರೇ. ಅದನ್ನ ನೋಡಿ ಹೇಳ್ತೀರೋ, ಕೇಳಿ ಹೇಳ್ತೀರೋ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಕನ್ನಡಕ ತೆಗೆದು ಎರಡೆರಡು ಸಲ ಒರೆಸಿದರು. ಕೆಲಸ ಹೋಗುತ್ತದೆ ಅಂತ ನನಗೆ ಅನ್ನಿಸಿದ್ದು ಆಗಲೇ.

"ನೋಡಿಲ್ಲ" ಅಂದರು ಮೇಷ್ಟ್ರು. "ಸ್ವಾಮಿ, ತಾವು ಎಷ್ಟೋ ಕಳ್ಳರಿಗೆ ಶಿಕ್ಷೆ ಕೊಟ್ಟಿದ್ದೀರಿ. ಕಳ್ಳತನ ಆಗೋದನ್ನ ತಾವು ನೋಡಿದ್ರಾ?"

"ಇಲ್ಲ. ಹೆಜ್ಜೆ ಗುರುತು, ಸಿಕ್ಕಿದ ಮಾಲು, ಇಂಥವು ಒಂದಕ್ಕೊಂದು ಹೊಂದಬೇಕು. ಸಾಂದರ್ಭಿಕ ಸಾಕ್ಷ್ಯ."

"ನಮ್ಮದೂ ಅದೇ. ಮೊದಲನೇದು, ಬೇಲೂರಿನ ಮಾತು. ಶಿಲ್ಪಿಗೆ ಸ್ವಾತಂತ್ರ್ಯ ಐತೆ, ಒಬ್ಬರ ಬಾಲಾನ ಇನ್ನೊಬ್ಬರಿಗೆ ಅಂಟಿಸ್ತಾನೆ. ಅದಕ್ಕೇ ಹಳೇಬೀಡಿನ ಗೋಡೆ ಮೇಲೆ ಮಕರ ಐತೆ. ಕೆರೇಲಿ ಯಾಕಿಲ್ಲ? ನವಿಲಿನ ಗರಿ ಇರೋ ಮೊಸಳೆ ಯಾಕಿಲ್ಲ? ಜೀವಿಗಳಲ್ಲಿ ಮಕ್ಕಳು ಅಪ್ಪ ಅಮ್ಮಂದೇ ತರಬೇಕು, ಪಕ್ಕದ ಮನೇದು ತರೋ ಹಂಗಿಲ್ಲ. ಅದಕ್ಕೇ ಬಾವಲಿ ಹಾರಿದ್ರೂ ಹಕ್ಕಿ ರೆಕ್ಕೆ ಇಲ್ಲ ಅದಕ್ಕೆ, ನಮ್ಮದೇ ಐದು ಬೆರಳನ್ನ ಉದ್ದ ಮಾಡ್ಕೊಂಡು ಹಾರ್ತದೆ. ಎರಡನೇದು, ಕೋತಿ ನಮ್ಮ ತಾತ ಅಲ್ಲ. ದಾಯಾದಿ. ಇಬ್ಬರಿಗೂ ಮೂಲಪುರುಷ ಒಬ್ಬ, ಅವನು ಈ ಕೋತೀನೂ ಅಲ್ಲ, ಮನುಷ್ಯನೂ ಅಲ್ಲ." ಗೋಡೆಯ ಫೋಟೊಗೆ ಕೈ ಮುಗಿದು, "ಇವರ ವಂಶಕ್ಕೆ ನಾನು ಅವಮಾನ ಮಾಡಿಲ್ಲ" ಅಂದರು.

"ದಾಯಾದಿ ಅಂತ ಏನು ಗ್ಯಾರಂಟಿ?" ಅಂದರು ವಕೀಲರು.

"ತೆಂಗಿನ ತೋಟಕ್ಕೆ ಬಂದು ಪಾಲು ಕೇಳಲ್ವೇನ್ಲಾ?"

ಅಧ್ಯಕ್ಷರೇ ನಕ್ಕುಬಿಟ್ಟರು. ಮುನ್ಸೀಫರು "ಏನ್ಲಾ" ಅನ್ನುವುದನ್ನು ಕಡತಕ್ಕೆ ಸೇರಿಸಬಾರದು ಅಂತ ನನಗೆ ಹೇಳಿದರು. ಕಡತವೇ ಇರಲಿಲ್ಲ.

ಆಮೇಲೆ ಅಧ್ಯಕ್ಷರು ಸಾಕ್ಷಿ ಹೇಳಲು ಬಂದರು. ಮಠದ ಗದ್ದುಗೆಯ ಆಣೆಯಾಗಿ ಸತ್ಯ ಹೇಳುತ್ತೇನೆ ಅಂತ ಕಣ್ಣು ಮುಚ್ಚಿ ಪ್ರಮಾಣ ಮಾಡಿದರು. ಮೂರು ಕಣ್ಣು ದೇವರ ಗುರುತು ಅಂತ ನಂಬಿದ್ದೇನೆ ಅಂದರು. ಮೇಷ್ಟ್ರು ಪಾಟೀಸವಾಲಿಗೆ ಎದ್ದರು.

"ಯಜಮಾನ್ರೇ, ಮೊಳಕೆ ಯಾವ ಕಣ್ಣಿಂದ ಬತ್ತದೆ?"

"ಮೆತ್ತಗಿರೋ ಕಣ್ಣಿಂದ."

"ಮಿಕ್ಕಿದ್ದೆರಡು?"

"ಅವು ಕುರುಡು. ಗಟ್ಟಿ."

"ಏನು ಕೆಲಸ ಅವಕ್ಕೆ?"

ಅಧ್ಯಕ್ಷರು ಯೋಚಿಸಿದರು. "ಕೆಲಸ ಕಂಡಿಲ್ಲ."

"ತಾಳೆಮರದ ತಾಟಿನುಂಗು ತಿಂದಿದ್ದೀರಾ? ಒಂದು ಹಣ್ಣಲ್ಲಿ ಎಷ್ಟು ಬೀಜ?"

"ಸಾಮಾನ್ಯಕ್ಕೆ ಮೂರು."

"ತಾಳೆಗೂ ತೆಂಗಿಗೂ ದಾಯಾದಿ ಸಂಬಂಧ. ತೆಂಗಿನ ಹೂವಲ್ಲಿ ಈಗಲೂ ಮೂರು ಕೋಣೆ ಶುರುವಾಗ್ತವೆ, ಎರಡು ಹಂಗೇ ಬತ್ತೋಗ್ತವೆ. ಅಣ್ಣತಮ್ಮಂದಿರು ಮೂವರಿದ್ದ ಮನೇಲಿ ಇಬ್ಬರು ಹೋದರು, ಅವರ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿದರು ಅಂದ್ಕೊಳ್ಳಿ. ದಾರೀಲಿ ಹೋಗೋನು ಗೋಡೆ ನೋಡಿ ಏನಂತಾನೆ?"

"ಇಲ್ಲಿ ಮುಂಚೆ ಬಾಗಿಲಿತ್ತು ಅಂತಾನೆ."

"ಅಷ್ಟೇ ನನ್ನ ಪಾಠ" ಅಂತ ಮೇಷ್ಟ್ರು ಕೂರಲು ಹೋದರು. ಅಧ್ಯಕ್ಷರು ಮಾತ್ರ ಇಳಿಯಲಿಲ್ಲ. "ಇನ್ನೊಂದೈತೆ. ಎಲ್ಲೋ ಒಂದೊಂದು ಕಾಯಿಗೆ ಎರಡು ಮೊಳಕೆ ಬತ್ತದೆ. ನಮ್ಮನೇಲಿ ಅಂಥಾದ್ದನ್ನ ನೆಡಾಕ್ ಮುಂಚೆ ದೇವರ ಮನೇಲಿಟ್ಟು ಪೂಜೆ ಮಾಡ್ತೀವಿ. ಈಗಲೂ ಒಂದೈತೆ."

ವಕೀಲರು ಹಣೆ ಹಿಡಿದುಕೊಂಡರು. "ಅಧ್ಯಕ್ಷರೇ, ಕೇಳಿದ್ದಕ್ಕೆ ಮಾತ್ರ ಹೇಳಿ."

"ಸತ್ಯ ಹೇಳ್ತೀನಿ ಅಂತ ಆಣೆ ಹಾಕ್ಸಿದ್ದೀರಲ್ಲಪ್ಪ. ಅದರಾಗೆ ಅರ್ಧ ಸತ್ಯ ಅಂತ ಇರ್ಲಿಲ್ವಲ್ಲ."

ಮುಚ್ಚಿದ ಬಾಗಿಲು ಅಪರೂಪಕ್ಕೆ ತೆರೆಯುತ್ತದೆ ಅಂತ ಅವರೇ ಹೇಳಿದ ಹಾಗಾಯಿತಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗೆದ್ದರು ಅಂತ ನಾನೂ ತಟ್ಟಿದೆ. ಆದರೆ ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಎರಡೂ ಮೊಳಕೆ ಎರಡು ಕಣ್ಣಿಂದ ಬಂದಾವೋ, ಒಂದೇ ಕಣ್ಣಿಂದಲೋ?"

"ಸಿಪ್ಪೆ ಮ್ಯಾಲೈತೆ. ನೋಡಿಲ್ಲ."

"ಹಂಗಾದ್ರೆ ಇದನ್ನ ಲೆಕ್ಕಕ್ಕೆ ತಗೋಬೇಡಿ ಸ್ವಾಮಿ. ಒಂದೇ ಕಣ್ಣಿಂದ ಬಂದಿದ್ರೆ ಇದು ನನ್ನ ಸಾಕ್ಷಿ ಅಲ್ಲ."

ವಕೀಲರು ಬಗ್ಗಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು: "ಗೆದ್ದಿದ್ದೀಯ, ಸುಮ್ನೆ ಕೂರೋ ಮಾರಾಯ." ಮೇಷ್ಟ್ರು ಕೂರಲಿಲ್ಲ. ಮುನ್ಸೀಫರು ನಾಳೆ ಸ್ಥಳ ಪರಿಶೀಲನೆ ಅಂತ ಹೇಳಿ ಎದ್ದರು.

ಭಾನುವಾರ ಬೆಳಿಗ್ಗೆ ಕೋರ್ಟು ಅಧ್ಯಕ್ಷರ ಮನೆಗೆ ಹೋಯಿತು. ಎಲ್ಲರಿಗೂ ಕಾಲು ತೊಳೆಯಲು ನೀರು, ಆಮೇಲೆ ಉಪ್ಪಿಟ್ಟು. ದೇವರ ಮನೆಯಲ್ಲಿ ಆ ಕಾಯಿ ವಿಭೂತಿ ಹಚ್ಚಿಕೊಂಡು, ಹೂ ಮುಡಿದುಕೊಂಡು, ಎರಡು ಎಳೆ ಗರಿ ಎತ್ತಿಕೊಂಡು ಕೂತಿತ್ತು. ಮೇಷ್ಟ್ರು ಜೇಬಿನಿಂದ ಭೂತಗನ್ನಡಿ ತೆಗೆದವರು ಅದನ್ನು ನೋಡಿ ಮತ್ತೆ ಜೇಬಿಗೇ ಹಾಕಿಕೊಂಡರು.

"ಬೇಡ ಯಜಮಾನ್ರೇ. ನೀವು ಪೂಜೆ ಮಾಡೋದರ ಸಿಪ್ಪೆ ಸುಲಿಯೋಕೆ ನಾನು ಬಂದಿಲ್ಲ. ಆ ಸಾಕ್ಷಿ ಬಿಟ್ಟೇ ತೀರ್ಪು ಹೇಳ್ಲಿ."

ಬಾಗಿಲಿಗೆ ಒರಗಿ ನಿಂತಿದ್ದ ಅಧ್ಯಕ್ಷರ ಹೆಂಡತಿ, "ಅದೇನು ನೋಡ್ಬೇಕೋ ನೋಡ್ಲಿ ಬಿಡಿ. ನೋಡಿದ್ರೆ ಹೆದರೋ ದೇವರನ್ನ ನಾವ್ಯಾಕೆ ಪೂಜೆ ಮಾಡಾಣ" ಅಂದರು.

ಅಧ್ಯಕ್ಷರು ಕೈ ಮುಗಿದು ಕಾಯಿಯನ್ನು ಎತ್ತಿಕೊಂಡು ಹಿತ್ತಲಿಗೆ ಬಂದರು. ಆಳನ್ನು ಕರೆಯಲಿಲ್ಲ. ಮೊಳಕೆಗೆ ಪೆಟ್ಟಾಗದ ಹಾಗೆ ಬುಡದ ನಾರನ್ನು ಎಳೆ ಎಳೆಯಾಗಿ ತಾವೇ ಬಿಡಿಸಿದರು. ಮುನ್ಸೀಫರೂ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದರು. ಚಿಪ್ಪು ಕಾಣಿಸಿತು. ಮೇಷ್ಟ್ರು ಭೂತಗನ್ನಡಿ ಹಿಡಿದು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಒಂದೇ ಕಣ್ಣು" ಅಂದರು. "ಎರಡೂ ಒಂದರಿಂದಲೇ ಬಂದಾವೆ. ಮಿಕ್ಕಿದ್ದೆರಡು ಮುಚ್ಚೇ ಅವೆ. ನನ್ನ ಸಾಕ್ಷಿ ಬಿತ್ತು ಸ್ವಾಮಿ." ಹೇಳುವಾಗ ಮುಖದಲ್ಲಿ ಬೇಜಾರೇ ಇರಲಿಲ್ಲ. ಹೊಸ ಆಟಿಕೆ ಸಿಕ್ಕ ಕೂಸಿನ ಹಾಗೆ, "ಬನ್ನಿ ಬನ್ನಿ, ನೋಡಿ, ಒಂದೇ ಬಾಗಿಲಲ್ಲಿ ಅವಳಿ ಜವಳಿ" ಅಂತ ಎಲ್ಲರನ್ನೂ ಕರೆದು ತೋರಿಸಿದರು.

ಮುನ್ಸೀಫರು ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು ವಕೀಲರನ್ನು ಕೇಳಿದರು: "ಇವರ ಸಾಕ್ಷಿ ಒಂದು ಹೀಗೆ ಬಿತ್ತು. ನಿಮ್ಮ ವಾದ ಏನು ಕಂಡರೆ ಬೀಳುತ್ತೆ?"

ವಕೀಲರು ಎದೆ ಸೆಟೆಸಿ ಹೇಳಿದರು: "ನಮ್ಮದು ಏನು ಕಂಡರೂ ಬೀಳಲ್ಲ ಸ್ವಾಮಿ. ಮೂರು ಕಣ್ಣು ತೆರೆದರೂ ದೇವರು, ಒಂದೇ ತೆರೆದರೂ ದೇವರು."

"ಹಾಗಾದರೆ ಅದು ಮಠದಲ್ಲಿ ಗೌರವವಾಗಿರಲಿ. ಏನು ಕಂಡರೂ ಬೀಳದ್ದನ್ನ ಸಾಕ್ಷಿಯ ಕಟ್ಟೆ ಹತ್ತಿಸೋ ಹಾಗಿಲ್ಲ, ವಿಜ್ಞಾನದ ಪಾಠಕ್ಕೂ ತರೋ ಹಾಗಿಲ್ಲ. ಇವರದು ಒಂದು ಬಿದ್ದರೂ ಮಿಕ್ಕವು ನಿಂತಿವೆ. ಪಾಠ ನಡೀಲಿ." ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ನನಗೆ ಜಾರಿ ಮಾಡೋ ಅಧಿಕಾರ ಇಲ್ಲ. ಅದು ನಿಮ್ಮ ಕೈಲಿದೆ" ಅಂದರು.

ಅಧ್ಯಕ್ಷರು ಆ ಕಾಯಿಯ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಿದ್ದರು. ಅದನ್ನು ಮುಚ್ಚಿ, ಕೈ ಒರೆಸಿಕೊಂಡು, ನಿಧಾನವಾಗಿ ಹೇಳಿದರು: "ಕೋರ್ಟಲ್ಲಿ ಆಣೆ ಮಾಡಿದ್ದು ನಾನು. ಇವರು ಮಾಡಿರ್ಲಿಲ್ಲ. ಆದ್ರೂ ಕೆಲಸ ಹೋಗೋ ಹೊತ್ತಲ್ಲಿ ತಮ್ಮ ಮೇಲೆ ತಾವೇ ಸಾಕ್ಷಿ ಹೇಳ್ಕೊಂಡ್ರು. ಇಂಥೋರು ನಮ್ಮ ಹುಡುಗೀಗೆ ಸುಳ್ಳು ಹೇಳ್ಕೊಡಲ್ಲ. ಪಾಠ ಮಾಡಿ ಮೇಷ್ಟ್ರೇ. ನಾನೂ ಬಂದು ಕೇಳ್ತೀನಿ."

ಅಮೆರಿಕದ ತೀರ್ಪು ಬಂದದ್ದು ಇದಾದ ಮೇಲೆ. ಅಲ್ಲಿನ ನ್ಯಾಯಾಧೀಶರೂ ಅದು ವಿಜ್ಞಾನವಲ್ಲ, ವಿಜ್ಞಾನದ ತರಗತಿಗೆ ಬೇಡ ಅಂದರು. ಸ್ಟೇಷನ್ ಹೋಟೆಲಿನಲ್ಲಿ ಪೇಪರ್ ಮಡಿಸಿಟ್ಟು ಮೇಷ್ಟ್ರು ವಕೀಲರಿಗೆ, "ನಮ್ಮನ್ನ ನೋಡಿ ಕಲ್ತವ್ರೆ ಕಣ್ಲಾ" ಅಂದರಂತೆ.

ಸೋಮವಾರದ ಆ ತರಗತಿಗೆ ನಾನೂ ಕನ್ನಡ ಬಿಟ್ಟು ಹೋಗಿ ಹಿಂದೆ ಕೂತೆ. ಅಧ್ಯಕ್ಷರು ಆಗಲೇ ಕೊನೆಯ ಬೆಂಚಿನಲ್ಲಿದ್ದರು, ಮೊಣಕಾಲು ಹಿಡಿಸದೆ ಅಡ್ಡ ತಿರುಗಿ ಕೂತಿದ್ದರು. ಕೋತಿಯಿಂದ ಶುರು ಮಾಡುತ್ತಾರೋ ಮಕರದಿಂದಲೋ ಅಂತ ಮಕ್ಕಳು ಕಾಯುತ್ತಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ "ವಿಕಾಸವಾದ" ಅಂತ ಬರೆದು, ಅದರ ಕೆಳಗೆ ದೊಡ್ಡದಾಗಿ ಒಂದು ತೆಂಗಿನಕಾಯಿ ಬರೆದು, ಮೂರು ಕಣ್ಣಿಟ್ಟು, ಒಂದೇ ಕಣ್ಣಿನಿಂದ ಎರಡು ಮೊಳಕೆ ಎಳೆದರು.

"ನಿನ್ನೆ ಬಿದ್ದುಹೋದ ನನ್ನ ಸಾಕ್ಷಿ ಇದು. ಮೊದಲು ಇದನ್ನ ಬರ್ಕೊಳ್ಳಿ" ಅಂದರು.

ಮಕ್ಕಳು ಪೆನ್ನು ತೆಗೆದರು. ಕೊನೆಯ ಬೆಂಚಿನಿಂದ ದನಿ ಬಂತು: "ಮೇಷ್ಟ್ರೇ, ಎಡಗಡೆ ಮೊಳಕೆ ಇನ್ನೊಸಿ ಗಿಡ್ಡಕಿತ್ತು."

ಮೇಷ್ಟ್ರು ತಿರುಗಿ ಬೋರ್ಡು ನೋಡಿದರು, ಹೌದು ಅಂತ ತಲೆಯಾಡಿಸಿದರು, ಅಂಗಿಯ ತೋಳಿನಿಂದ ಒರೆಸಿ ಮತ್ತೆ ಬರೆದರು.